ಬದುಕಿನ ಗುರಿಯನ್ನು ನಾವೇ ಆರಿಸಿಕೊಳ್ಳಬಹುದಾ, ಇಲ್ಲ ಅದು ಮೊದಲೇ ಹಣೆಯಲ್ಲಿ ಬರೆದಿರುತ್ತದಾ?

ಖಂಡಿತ ಆರಿಸಿಕೊಳ್ಳಬಹುದು. ಹರೇಕಳ ಹಾಜಬ್ಬ ಅವರನ್ನೇ ನೋಡಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು, ಶಾಲೆಗೆ ಹೋದವರಲ್ಲ. ಒಮ್ಮೆ ವಿದೇಶಿಯರು ಇಂಗ್ಲಿಷ್‌ನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಕೊಡಲು ಆಗಲಿಲ್ಲ. ಅಂಥ ಸಂಕಟ ಯಾರಿಗೂ ಆಗಬಹುದು, ಜಾಸ್ತಿ ಜನ ಮರುದಿನ ಮರೆತುಬಿಡುತ್ತಾರೆ. ಅವರು ಮರೆಯಲಿಲ್ಲ. ನಮ್ಮೂರ ಮಕ್ಕಳಿಗೆ ಹೀಗಾಗಬಾರದು ಎಂದು ನಿರ್ಧರಿಸಿದರು. ಹಣ್ಣು ಮಾರಿದ ದುಡ್ಡು ಕೂಡಿಟ್ಟು, ಕಚೇರಿಗಳಿಗೆ ಅಲೆದು ಊರಿಗೆ ಶಾಲೆ ತಂದರು. 2020ರ ಪದ್ಮಶ್ರೀ ಬಂದದ್ದು ಇದಕ್ಕೇ.

ನನಗೆ ತುಂಬಾ ಇಷ್ಟವಾದ ವಿಷಯ ಏನೆಂದರೆ, ಇದನ್ನೆಲ್ಲ ಅವರು ಹಣ್ಣು ಮಾರುತ್ತಲೇ ಮಾಡಿದರು. ಗುರಿಗಾಗಿ ಇರುವ ಕೆಲಸ ಬಿಡಲೇಬೇಕು ಅಂತೇನಿಲ್ಲ, ಅಲ್ವಾ?

ಸುಮ್ನೆ ಕೂತು ಗುರಿ ಹುಡುಕಬೇಡಿ. ಯಾವ ಕೊರತೆ ನಿಮ್ಮನ್ನು ಬಿಡದೆ ಕಾಡುತ್ತಿದೆ ನೋಡಿ. ಈ ವಾರವೇ ಅದಕ್ಕೆ ಒಂದು ಗಂಟೆ ಕೊಡಿ.