ಕೆಳದಿಯಿಂದ ಕವಲೇದುರ್ಗಕ್ಕೆ, ಮಣ್ಣು ದಾರಿಯಲ್ಲಿ: ಓದುಗರ ಸೈಕಲ್ ಪ್ರಶ್ನೆಗಳು

ಪ್ರಶ್ನೆ: ನಾವು ಮೂವರು ಗೆಳೆಯರು ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಗೂ ಆಗುವ ಸೈಕಲ್) ತಗೊಂಡು ಒಂದು ವರ್ಷ ಆಯ್ತು. ಇಲ್ಲಿಯವರೆಗೆ ಬಯಲುಸೀಮೆಯಲ್ಲೇ ಓಡಿಸಿದ್ದೇವೆ. ಮಲೆನಾಡಿನಲ್ಲಿ ನಾಲ್ಕು ದಿನದ ದಾರಿ ಹೇಳ್ತೀರಾ? ಗುಡ್ಡ, ಕಾಡು, ಜೊತೆಗೆ ನೋಡಲು ಹಳೆಯ ಕೋಟೆ ದೇವಸ್ಥಾನ ಇರಬೇಕು. — ದಾವಣಗೆರೆಯ ಓದುಗರು

ಉತ್ತರ: ಕೆಳದಿ ಅರಸರ ಬೆನ್ನು ಹಿಡಿದು ಹೋಗಿ. ಕೆಳದಿ, ಇಕ್ಕೇರಿ, ನಗರ, ಕವಲೇದುರ್ಗ. ಇದೇ ಕ್ರಮದಲ್ಲಿ, ಉತ್ತರದಿಂದ ದಕ್ಷಿಣಕ್ಕೆ. ದಯವಿಟ್ಟು ಕ್ರಮ ತಪ್ಪಿಸಬೇಡಿ, ಯಾಕೆಂದರೆ ಆ ರಾಜ್ಯ ಸರಿದದ್ದೂ ಹೀಗೆಯೇ. 1499ರಲ್ಲಿ ಕೆಳದಿಯಲ್ಲಿ ಶುರುವಾದದ್ದು ಸ್ವಲ್ಪ ಕಾಲದಲ್ಲೇ ಇಕ್ಕೇರಿಗೆ ಬಂತು. ಬಿಜಾಪುರದ ಸೈನ್ಯ ಇಕ್ಕೇರಿಯ ಮೇಲೆ ಬಿದ್ದ ಮೇಲೆ ವೀರಭದ್ರ ನಾಯಕ ರಾಜಧಾನಿಯನ್ನು ಇನ್ನೂ ಒಳಕ್ಕೆ, ಬಿದನೂರಿಗೆ ಒಯ್ದ. ಅದೇ ಈಗಿನ ನಗರ. ಪಾಠದಲ್ಲಿ ಓದಿದಾಗ ಇದು ಒಂದು ಸಾಲು ಅಷ್ಟೇ. ಸೈಕಲ್ ಮೇಲೆ ಹೋದರೆ ತೊಡೆಗೆ ಗೊತ್ತಾಗುತ್ತದೆ. ಕೆಳದಿ ಇಕ್ಕೇರಿ ಕಡೆ ಏರುಗಳು ಸಣ್ಣವು, ಗದ್ದೆ ಬಯಲು ಸಿಗುತ್ತದೆ, ತಲೆ ಮೇಲೆ ಆಕಾಶ ಕಾಣುತ್ತದೆ. ಹೊಸನಗರ ದಾಟಿ ನಗರದ ಕಡೆ ಹೊರಳಿದ ಮೇಲೆ ಗುಡ್ಡಗಳು ಒತ್ತಿಕೊಂಡು ಬರುತ್ತವೆ, ಒಂದು ಏರು ಮುಗಿದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು, ತಿರುವಿನ ಆಚೆ ಏನಿದೆ ಅಂತ ತಿರುಗುವವರೆಗೂ ತಿಳಿಯುವುದಿಲ್ಲ. ಫಿರಂಗಿ ಎಳೆದುಕೊಂಡು ಇಲ್ಲಿಗೆ ಬರಬೇಕಾದವರ ಪಾಡೇನು ಅಂತ ಆಗ ಅರ್ಥವಾಗುತ್ತದೆ. ಆದರೂ ಹೈದರಾಲಿ ಬಂದ, 1763ರಲ್ಲಿ ಹಿಡಿದ, ಹೈದರ್‌ನಗರ ಅಂತ ಹೆಸರಿಟ್ಟ. ಮುಂದಿನ ಅರ್ಧವೇ ಇವತ್ತು ಊರಿನ ಹೆಸರಾಗಿ ಉಳಿದಿದೆ.

ಮೊದಲ ದಿನ ಸಾಗರದಲ್ಲಿ ಉಳಿದುಕೊಳ್ಳಿ, ಕೆಳದಿ ಮತ್ತು ಇಕ್ಕೇರಿ ಎರಡೂ ಅಲ್ಲಿಗೆ ಹತ್ತಿರ. ಬಯಲಿನಿಂದ ಬಂದ ಕಾಲು ಪಳಗಲು ಇಷ್ಟು ಸಾಕು. ಕೆಳದಿಯ ರಾಮೇಶ್ವರ ದೇವಸ್ಥಾನದಲ್ಲಿ ತಲೆಯೆತ್ತಿ ಗಂಡಭೇರುಂಡ ನೋಡಿ. ಇಕ್ಕೇರಿಯ ಅಘೋರೇಶ್ವರದಲ್ಲಿ ಮಾತ್ರ ತಲೆ ತಗ್ಗಿಸಬೇಕು. ಅಲ್ಲಿ ಗರ್ಭಗುಡಿಯ ಎದುರು ನೆಲಹಾಸಿನ ಕಲ್ಲಿನಲ್ಲೇ ಸಾಷ್ಟಾಂಗ ಬಿದ್ದ ನಾಯಕರ ಉಬ್ಬುಚಿತ್ರಗಳಿವೆ. ಬಹಳ ಜನ ಗಮನಿಸದೆ ದಾಟಿ ಹೋಗುತ್ತಾರೆ. ನಾನು ಮೊದಲ ಸಲ ಹಾಗೇ ಹೋಗಿದ್ದೆ, ಎರಡನೇ ಸಲ ಬಾಗಿಲಿನಿಂದ ಓರೆಯಾಗಿ ಬೆಳಕು ಬಿದ್ದಾಗ ಜೋಡಿಸಿದ ಕೈಗಳು ಕಂಡವು, ಸುಮ್ನೆ ಪಕ್ಕದಲ್ಲಿ ಕುಳಿತುಬಿಟ್ಟೆ.

ಎರಡನೇ ದಿನ ಹೊಸನಗರ, ಮೂರನೇ ದಿನ ನಗರದ ಕೋಟೆ ಮತ್ತು ಅಲ್ಲೇ ಹತ್ತಿರದ ದೇವಗಂಗೆಯ ಕೊಳಗಳು, ನಾಲ್ಕನೇ ದಿನ ಕವಲೇದುರ್ಗದ ಗುಡ್ಡದ ಕೋಟೆ, ಅಲ್ಲಿಂದ ತೀರ್ಥಹಳ್ಳಿಗೆ ಇಳಿದು ಬಸ್. ಪೂರ್ತಿ ಮಣ್ಣು ದಾರಿಯಲ್ಲೇ ಹೋಗುತ್ತೇವೆ ಅಂತ ಹಟ ಬೇಡ. ಡಾಂಬರು, ಜಲ್ಲಿ, ತೋಟದ ಅಂಚಿನ ಕೆಂಪು ದಾರಿ ಎಲ್ಲ ಕಲೆತಿರುತ್ತವೆ. ಬಯಲಿನಲ್ಲಿ ದಿನಕ್ಕೆ 90 ಕಿ.ಮೀ. ಹೊಡೆಯುವವರು ಇಲ್ಲಿ 50ಕ್ಕೆ ನಿಲ್ಲಿಸಿ. ನೋಡಲು ಹೊತ್ತು ಬೇಕಲ್ವಾ?

ಪ್ರಶ್ನೆ: ನನ್ನ ಸೈಕಲ್ಲಿಗೆ 35 ಮಿ.ಮೀ. ಟಯರ್ ಇದೆ. ಮಲೆನಾಡಿಗೆ ಸಾಕಾ? ಏರಿನಲ್ಲಿ ಹಿಂದಿನ ಚಕ್ರ ಸುಮ್ಮನೆ ಜಾರುತ್ತದೆ, ಇಳಿಜಾರಿನಲ್ಲಿ ಭಯ ಆಗುತ್ತದೆ. — ಹಾಸನದ ಓದುಗರು

ಉತ್ತರ: ಸಾಗುತ್ತದೆ, ಆದರೆ ಸುಖ ಇಲ್ಲ. ಫ್ರೇಮಿನಲ್ಲಿ ಜಾಗ ಇದ್ದರೆ 45ಕ್ಕೆ ಹೋಗಿ, ಟ್ಯೂಬ್‌ಲೆಸ್ ಮಾಡಿಸಿ. ಅದಕ್ಕಿಂತ ದೊಡ್ಡ ವ್ಯತ್ಯಾಸ ಗಾಳಿಯಿಂದ ಆಗುತ್ತದೆ. ಹೆಚ್ಚಿನವರು ಡಾಂಬರಿಗೆ ತುಂಬಿದ ಗಾಳಿಯಲ್ಲೇ ಮಣ್ಣಿಗೆ ಇಳಿಯುತ್ತಾರೆ. ಗಟ್ಟಿ ಟಯರ್ ಪ್ರತಿ ಕಲ್ಲಿನ ಮೇಲೂ ಪುಟಿಯುತ್ತದೆ, ಪುಟಿದ ಹೊತ್ತಿಗೆ ಹಿಡಿತ ಇರುವುದಿಲ್ಲ. 70 ಕೆ.ಜಿ. ಆಸುಪಾಸಿನ ಸವಾರ 45ರ ಟ್ಯೂಬ್‌ಲೆಸ್ ಟಯರಿಗೆ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಂದ ಶುರು ಮಾಡಿ, ಒಂದೊಂದೇ ಹೆಚ್ಚು ಕಡಿಮೆ ಮಾಡಿ ನೋಡಬಹುದು. ಒಳಗೆ ಟ್ಯೂಬ್ ಇದ್ದರೆ ಇಷ್ಟು ಇಳಿಸಬೇಡಿ, ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬ್ ಕಚ್ಚುತ್ತದೆ.

ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗುತ್ತದೆ, ಜಾರುತ್ತದೆ. ಕುಳಿತೇ ತುಳಿಯಿರಿ, ಸೀಟಿನ ಮುಂತುದಿಗೆ ಸರಿದು ಎದೆ ತಗ್ಗಿಸಿ. ಇದಕ್ಕೆ ಸಣ್ಣ ಗೇರ್ ಬೇಕೇ ಬೇಕು, ಮುಂದಿನ ಹಲ್ಲುಚಕ್ರಕ್ಕಿಂತ ಹಿಂದಿನ ದೊಡ್ಡ ಹಲ್ಲುಚಕ್ರದಲ್ಲಿ ಹಲ್ಲು ಜಾಸ್ತಿ ಇರಲಿ.

ಇಳಿಜಾರಿನ ಭಯಕ್ಕೆ ಕಾರಣ ಇದೆ. ಜಂಬಿಟ್ಟಿಗೆ ನೆಲದ ಮೇಲೆ ಕಡಲೆ ಗಾತ್ರದ ಗುಂಡು ಕಲ್ಲು ಹರಡಿಕೊಂಡಿರುತ್ತವಲ್ಲ, ಕೆಳಗೆ ಗಟ್ಟಿ, ಮೇಲೆ ಉರುಳುವ ಕಾಳು, ಅದರ ಮೇಲೆ ತಿರುಗುತ್ತಾ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಹೇಳದೆ ಕೇಳದೆ ಹೋಗುತ್ತದೆ. ಬ್ರೇಕ್ ಕೆಲಸವೆಲ್ಲ ತಿರುವಿಗೆ ಮೊದಲು, ನೆಟ್ಟಗೆ ಇರುವಾಗಲೇ ಮುಗಿಸಿ. ಪೆಡಲ್ ಎರಡೂ ಸಮ, ಸೊಂಟ ಹಿಂದಕ್ಕೆ, ಕಣ್ಣು ತಿರುವಿನ ಕೊನೆಗೆ. ಕಲ್ಲನ್ನೇ ದಿಟ್ಟಿಸಿದರೆ ಕಲ್ಲಿಗೇ ಹೋಗುತ್ತೀರಿ.

ಪ್ರಶ್ನೆ: ಮಳೆಗಾಲದಲ್ಲಿ ಬರಬಹುದಾ? ಇಂಬಳದ ಕಾಟ ತುಂಬಾ ಅಂತಾರೆ. — ಬೆಂಗಳೂರಿನ ಓದುಗರು

ಉತ್ತರ: ಮಳೆಗಾಲ ಬೇಡ, ಆದರೆ ಇಂಬಳಕ್ಕೆ ಹೆದರಿ ಬೇಡ ಅನ್ನುತ್ತಿಲ್ಲ. ಇಂಬಳ ರಕ್ತ ಕುಡಿದು ಉದುರಿಹೋಗುತ್ತದೆ, ಸ್ವಲ್ಪ ನೆವೆ, ಅಷ್ಟೇ. ಜೀವಕ್ಕೆ ಕುತ್ತು ಪಾಚಿ ಕಟ್ಟಿದ ಕಲ್ಲು ಮತ್ತು ತುಂಬಿ ಹರಿಯುವ ಹಳ್ಳ. ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ದಾರಿ ಒಣಗಿರುತ್ತದೆ, ಬೆಳಿಗ್ಗೆ ಮಂಜು, ಮಧ್ಯಾಹ್ನ ಹಿತವಾದ ಬಿಸಿಲು.

ಆದರೆ ಒಣ ಕಾಲದಲ್ಲೇ ಇನ್ನೊಂದು ಅಪಾಯ ಇದೆ, ಇದನ್ನು ಯಾರೂ ಹಗುರವಾಗಿ ತಗೊಳ್ಳಬಾರದು. ಮಂಗನ ಕಾಯಿಲೆ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ಕಡೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ ಅಂತಲೂ ಹೆಸರು. ಉಣುಗು ಕಚ್ಚಿ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಜಾಸ್ತಿ, ಅಂದರೆ ಸರಿಯಾಗಿ ನಮ್ಮ ಸವಾರಿಯ ಕಾಲಕ್ಕೇ. ಎಳೆಯ ಉಣುಗು ಎಳ್ಳುಕಾಳಿಗಿಂತಲೂ ಸಣ್ಣದು, ಕೂತದ್ದು ಗೊತ್ತೇ ಆಗುವುದಿಲ್ಲ. ಮಂಗ ಸತ್ತಿದೆ ಅನ್ನುವ ಸುದ್ದಿ ಇರುವ ಕಾಡಿನ ದಾರಿಗೆ ಹೋಗಲೇಬೇಡಿ, ಆ ತಿಂಗಳು ಯಾವ ಊರಲ್ಲಿ ಏನಿದೆ ಅಂತ ಆರೋಗ್ಯ ಕೇಂದ್ರದಲ್ಲಿ ಕೇಳಿ. ಉದ್ದ ಕಾಲುಚೀಲ, ತುಂಬುತೋಳು, ಉಣುಗು ಹತ್ತದ ಹಾಗೆ ಹಚ್ಚುವ ಎಣ್ಣೆ. ತರಗೆಲೆಯ ಮೇಲೆ ಕೂರಬೇಡಿ, ಮಲಗಲೇಬೇಡಿ. ಸಂಜೆ ಬಿಸಿನೀರು ಸ್ನಾನ ಮಾಡಿ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಊರಿಗೆ ಹೋದ ಒಂದೆರಡು ವಾರದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು "ನಾನು ಶಿವಮೊಗ್ಗದ ಕಾಡಿಗೆ ಹೋಗಿದ್ದೆ" ಅನ್ನುವುದು. ಬೇರೆ ಊರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯಲಿಕ್ಕಿಲ್ಲ.

ಪ್ರಶ್ನೆ: ಕಾಡಿನ ಒಳದಾರಿಗಳಿಗೆ ಅನುಮತಿ ಬೇಕಾ? — ಮೈಸೂರಿನ ಓದುಗರು

ಉತ್ತರ: ಊರಿಂದ ಊರಿಗೆ ಹೋಗುವ ಸಾರ್ವಜನಿಕ ದಾರಿ ಬೇರೆ, ಅಭಯಾರಣ್ಯ ಬೇರೆ. ಈ ಸುತ್ತಿನಲ್ಲಿ ಶರಾವತಿ ಮತ್ತು ಮೂಕಾಂಬಿಕಾ ಅಭಯಾರಣ್ಯಗಳಿವೆ. ಅವುಗಳ ಒಳಗೆ ಕೇಳದೆ ನುಗ್ಗುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ, ಬೇಡ ಅಂದರೆ ಬೇಡ. ತೋಟದ ನಡುವಿನ ದಾರಿಯಲ್ಲಿ ಉಣುಗೋಲು, ಅಂದರೆ ಅಡ್ಡಗಳುಗಳ ಗೇಟು, ಇದ್ದರೆ ಅದು ಯಾರದೋ ಮನೆ ಬಾಗಿಲು ಅಂತಲೇ ತಿಳಿಯಿರಿ. ಕೂಗಿ ಕೇಳಿ, ದಾಟಿದ ಮೇಲೆ ಮತ್ತೆ ಹಾಕಿ. ದನ ತೋಟಕ್ಕೆ ನುಗ್ಗಿದರೆ ಎಳೆಯ ಅಡಿಕೆ ಸಸಿ ಹೋಯಿತು.

ಪ್ರಶ್ನೆ: ಮೊಬೈಲ್ ಮ್ಯಾಪ್ ನಂಬಿ ಹೋಗಬಹುದಾ? — ಹುಬ್ಬಳ್ಳಿಯ ಓದುಗರು

ಉತ್ತರ: ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ. ನಂಬಿಕೆ ಮಾತ್ರ ಅರ್ಧ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಆಮೇಲೆ ನಗರದ ಸುತ್ತ ಚಕ್ರಾ, ಸಾವೇಹಕ್ಲು ಜಲಾಶಯಗಳು ಬಂದವು. ಹಳೆಯ ದಾರಿಗಳು ನೀರಿನಡಿಗೆ ಹೋದವು. ಒಮ್ಮೆ ಮಧ್ಯಾಹ್ನದ ನಂತರ ನಾನೊಬ್ಬನೇ ಮ್ಯಾಪಿನ ಗೆರೆ ಹಿಡಿದು ಇಳಿಯುತ್ತಾ ಹೋದೆ, ಒಳ್ಳೆಯ ದಾರಿ, ಪಕ್ಕದಲ್ಲಿ ಕಲ್ಲು ಕಟ್ಟಿದ ಮೋರಿ, ಸಾಲಾಗಿ ಹಳೆಯ ಮಾವಿನ ಮರ, ಹಾಗೇ ಮುಂದೆ ನೋಡಿದರೆ ದಾರಿ ನೆಟ್ಟಗೆ ನೀರಿನೊಳಗೆ ಇಳಿದಿದೆ. ದಡದಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜಿ ಕೈ ತೋರಿಸಿ, "ಅದು ನಮ್ಮೂರಿಗೆ ಹೋಗೋ ದಾರಿ" ಅಂದರು. ಹೋಗುತ್ತಿದ್ದ ದಾರಿ ಅನ್ನಲಿಲ್ಲ. ವಾಪಸ್ 7 ಕಿ.ಮೀ. ಏರು ಹತ್ತಿ ಬರುವಷ್ಟರಲ್ಲಿ ಕತ್ತಲಾಗಿತ್ತು, ಆ ಮಾತು ಜೊತೆಗೇ ಬಂತು. ಹಾಗಾಗಿ ಪ್ರತಿ ಕವಲಿನಲ್ಲೂ ಯಾರಾದರೂ ಸಿಕ್ಕರೆ ಕೇಳಿ, ಮೂರು ಗಂಟೆಯ ಮೇಲೆ ಹೊಸ ಒಳದಾರಿ ಹಿಡಿಯಬೇಡಿ, ಹ್ಯಾಂಡಲ್ಲಿಗೆ ದೀಪ ಇರಲೇಬೇಕು.

ಪ್ರಶ್ನೆ: ಕವಲೇದುರ್ಗದ ಮೇಲಕ್ಕೆ ಸೈಕಲ್ ಹತ್ತಿಸಬಹುದಾ? — ಶಿರಸಿಯ ಓದುಗರು

ಉತ್ತರ: ಬೇಡ. ಅದು ನಡೆಯಲು ಹಾಸಿದ ಕಲ್ಲು, ನೂರಾರು ವರ್ಷ ಹಳೆಯದು, ಟಯರ್ ತಿಕ್ಕಿ ಸವೆಯಿಸಲು ನಮಗೆ ಹಕ್ಕಿಲ್ಲ. ಕೆಳಗೆ ಊರಿನಲ್ಲೇ ಯಾರನ್ನಾದರೂ ಕೇಳಿ ಸೈಕಲ್ ಇಟ್ಟು, ಗದ್ದೆಯಂಚಿನಲ್ಲಿ ನಡೆದು ಹೋಗಿ. ಕ್ಲೀಟ್ (ಪೆಡಲ್ಲಿಗೆ ಸಿಕ್ಕಿಸುವ ಕೊಕ್ಕೆ) ಇರುವ ಶೂ ಕಲ್ಲಿನ ಮೇಲೆ ಜಾರುತ್ತದೆ, ಚೀಲದಲ್ಲಿ ಒಂದು ಜೊತೆ ಮಾಮೂಲಿ ಚಪ್ಪಲಿ ಇಟ್ಟುಕೊಳ್ಳಿ. ಒಂದಾದ ಮೇಲೊಂದು ಬಾಗಿಲು ದಾಟಿ ಹೋದರೆ ಮೇಲೆ ಅರಮನೆಯ ತಳಪಾಯ, ಅದರ ಅಡುಗೆಮನೆಯಲ್ಲಿ ಕಲ್ಲಿನ ಒಲೆ ಇನ್ನೂ ಇದೆ. ನೀರು ಕೆಳಗಿನಿಂದಲೇ ಹೊತ್ತುಕೊಂಡು ಹೋಗಿ.