ವಿನಾಯಿತಿ ಸಿಕ್ಕಿತು, ಪೊಟ್ಟಣ ಸಿಗಲಿಲ್ಲ

ವಿದೇಶಿ ನೆರವಿನ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ ಅವೇ. ಈ ಸಲ ಒಂದಕ್ಕೆ ಮಾತ್ರ ಉದ್ದ ಉತ್ತರ ಬರೆಯುತ್ತೇನೆ. ಅದನ್ನು ಕೇಳುವವರು ಒಳ್ಳೆ ಮನಸ್ಸಿನವರೇ, ಆದ್ರೆ ಸುಳ್ಳು ಸಮಾಧಾನದಲ್ಲಿ ಇದ್ದಾರೆ.

ಪ್ರಶ್ನೆ: 2025ರಲ್ಲಿ ಅಮೆರಿಕ ನೆರವು ನಿಲ್ಲಿಸಿದಾಗ ಜೀವ ಉಳಿಸುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತ್ತು ಅಲ್ವಾ? ಮತ್ತೆ ಮಕ್ಕಳಿಗೆ ತೊಂದರೆ ಹೇಗಾಯಿತು? (ನ್ಯೂಜೆರ್ಸಿಯ ಓದುಗರು)

ಜನವರಿ 20ಕ್ಕೆ ನೆರವು ತಡೆಯುವ ಆದೇಶ ಬಂತು. 28ಕ್ಕೆ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ವಿನಾಯಿತಿ ಘೋಷಿಸಿದರು. ಆದ್ರೆ ಹಣ ಬಿಡುಗಡೆ ಮಾಡಬೇಕಾದ ಯುಎಸ್‌ಎಐಡಿ (ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ) ಸಿಬ್ಬಂದಿಯನ್ನೇ ರಜೆ ಮೇಲೆ ಕಳಿಸುತ್ತಿದ್ದರು, ಹಣ ಪಾವತಿ ವ್ಯವಸ್ಥೆ ಕೆಟ್ಟು ನಿಂತಿತ್ತು. ಕಾಗದ ಬಂತು, ದುಡ್ಡು ಬರಲಿಲ್ಲ.

ದುಡ್ಡು ತಡವಾದರೆ ಏನಾಗುತ್ತೆ ಅಂತ ತಿಳಿಯಲು ತೀವ್ರ ಅಪೌಷ್ಟಿಕತೆಯ ಚಿಕಿತ್ಸೆ ಹೇಗೆ ನಡೆಯುತ್ತೆ ಅಂತ ಗೊತ್ತಿರಬೇಕು. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇರುವ ಮಗುವಿಗೆ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿದ ಪೇಸ್ಟ್ ಕೊಡುತ್ತಾರೆ. ಒಂದು ಪೊಟ್ಟಣ 92 ಗ್ರಾಂ, 500 ಕ್ಯಾಲೊರಿ. ಒಲೆ ಬೇಡ, ನೀರು ಬೆರೆಸಬೇಕಿಲ್ಲ, ಹಾಗಾಗಿ ಕೊಳಕು ನೀರಿರುವ ನಿರಾಶ್ರಿತರ ಶಿಬಿರದಲ್ಲೂ ತಾಯಿಯೇ ಕೊಡಬಹುದು. ಆರರಿಂದ ಎಂಟು ವಾರ, ಸುಮಾರು 150 ಪೊಟ್ಟಣ. ತಾಯಿ ಪ್ರತಿ ವಾರ ಬಂದು ಮಗುವಿನ ತೂಕ ಮಾಡಿಸಿ ಮುಂದಿನ ವಾರದ್ದು ಒಯ್ಯುತ್ತಾಳೆ. ನಡುವೆ ಎರಡು ವಾರ ಪೊಟ್ಟಣ ಇಲ್ಲ ಅಂದ್ರೆ ಏರಿದ ತೂಕ ಇಳಿಯುತ್ತೆ, ಭೇದಿಯೋ ನ್ಯುಮೋನಿಯಾನೋ ಬಂದರೆ ಆ ಮಗು ತಡೆದುಕೊಳ್ಳುವುದಿಲ್ಲ. 90 ದಿನದ "ಪರಿಶೀಲನೆ" ಅಂತ ಆದೇಶದಲ್ಲಿ ಬರೆದಿತ್ತು. ಅಷ್ಟರಲ್ಲಿ ಒಂದು ಮಗುವಿನ ಇಡೀ ಚಿಕಿತ್ಸೆ ಮುಗಿದು ಮನೆಗೆ ಹೋಗಿರಬೇಕು.

ಪೂರೈಕೆಯ ಕಥೆಯೂ ಇದೇ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಎಡೀಶಿಯಾ, ಜಾರ್ಜಿಯಾ ರಾಜ್ಯದ ಮಾನಾ ಎಂಬ ಎರಡು ಕಾರ್ಖಾನೆಗಳು ಈ ಪೇಸ್ಟ್ ತಯಾರಿಸುತ್ತವೆ. ಫೆಬ್ರವರಿ ಕೊನೆಗೆ ಇವರ ಒಪ್ಪಂದ ರದ್ದಾಯಿತು, ಕೆಲವೇ ದಿನದಲ್ಲಿ ಆ ರದ್ದನ್ನು ವಾಪಸ್ ತೆಗೆದುಕೊಂಡರು. ಸರಿಹೋಯಿತಲ್ಲ ಅಂತೀರಾ? ಇಲ್ಲ. ಹಡಗು, ಲಾರಿ, ಗೋದಾಮು, ಕೊನೆಗೆ ಹಳ್ಳಿಯಲ್ಲಿ ತೋಳು ಅಳೆಯುವ ಕಾರ್ಯಕರ್ತೆಯ ಸಂಬಳ, ಇಷ್ಟೂ ಒಟ್ಟಿಗೆ ನಡೆಯಬೇಕು. ಒಂದು ನಿಂತರೂ ಪೆಟ್ಟಿಗೆ ಗೋದಾಮಿನಲ್ಲೇ ಉಳಿಯುತ್ತೆ. ಆಫ್ಘಾನಿಸ್ತಾನ, ಪಾಕಿಸ್ತಾನದ ಮಕ್ಕಳಿಗೆಂದು ಕೊಂಡ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತು ದುಬೈನಲ್ಲಿ ಅವಧಿ ಮೀರಿ, 2025ರ ಜುಲೈನಲ್ಲಿ ಸುಡುವ ಸ್ಥಿತಿಗೆ ಬಂತು. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತೆ.

ಹಾಗಾಗಿ ನೀವು ಅಲ್ಲಿನ ಮತದಾರರಾಗಿದ್ದರೆ ನಿಮ್ಮ ಪ್ರತಿನಿಧಿಗೆ ಫೋನ್ ಮಾಡಿ "ಎಷ್ಟು ಮಂಜೂರಾಯಿತು" ಅಂತ ಕೇಳಬೇಡಿ, "ಎಷ್ಟು ಖರ್ಚಾಯಿತು" ಅಂತ ಕೇಳಿ. ಸಂಸತ್ತು ಒಪ್ಪಿದ 490 ಕೋಟಿ ಡಾಲರ್ ನೆರವನ್ನು ಆಗಸ್ಟ್ ಕೊನೆಗೆ ಟ್ರಂಪ್ ಸರ್ಕಾರ ತಡೆಹಿಡಿಯಿತು. ಅಲ್ಲಿನ ಆರ್ಥಿಕ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತೆ, ಅಲ್ಲಿವರೆಗೆ ತಡೆದರೆ ಹಣ ತಾನಾಗಿ ಕೈತಪ್ಪುತ್ತೆ. ಸೆಪ್ಟೆಂಬರ್ 26ಕ್ಕೆ ಅಮೆರಿಕದ ಸುಪ್ರೀಂ ಕೋರ್ಟೂ ಅದರಲ್ಲಿ 400 ಕೋಟಿ ತಡೆಯಲು ಬಿಟ್ಟಿತು. ಮಂಜೂರಾತಿಯ ಸುದ್ದಿ ನೋಡಿ ನೆಮ್ಮದಿ ಆಗಬೇಡಿ ಅನ್ನುವುದು ಇದಕ್ಕೇ.

ಪ್ರಶ್ನೆ: ಅಮೆರಿಕದ ಬಜೆಟ್ಟಿನ ಕಾಲು ಭಾಗ ಹೊರದೇಶಕ್ಕೇ ಹೋಗುತ್ತಂತೆ?

ಕಡಿತಕ್ಕೆ ಮುಂಚೆಯೂ ಸುಮಾರು ಶೇಕಡಾ 1 ಅಷ್ಟೇ. ದಯವಿಟ್ಟು ಇದನ್ನು ಮತ್ತೆ ಕೇಳಬೇಡಿ.

ಪ್ರಶ್ನೆ: ಮೊದಲು ನಮ್ಮ ಮಕ್ಕಳು ಅಲ್ವಾ?

ನಮ್ಮ ಅಂಗನವಾಡಿ ನಡೆಯುವುದು ನಮ್ಮದೇ ಸರ್ಕಾರಗಳ ದುಡ್ಡಿನಲ್ಲಿ. ಅಮೆರಿಕ ಸುಡಾನಿಗೆ ಕೊಡದೆ ಉಳಿಸಿದ್ದು ರಾಯಚೂರಿನ ಅಂಗನವಾಡಿಗೆ ಬರುವುದಿಲ್ಲ.

ಪ್ರಶ್ನೆ: ಪ್ರೋಟೀನ್ ಪೌಡರ್ ಕೊಂಡು ಕಳಿಸಿದರೆ ಆಗಲ್ವಾ? ವಿಡಿಯೊದಲ್ಲಿ ಒಬ್ಬರು ಹೇಳಿದರು.

ಖಂಡಿತ ಬೇಡ. ತೀರಾ ಸೊರಗಿ ಕಾಯಿಲೆಯೂ ಬಿದ್ದ ಮಗುವಿಗೆ ಒಮ್ಮೆಲೇ ಜಾಸ್ತಿ ಆಹಾರ, ಪ್ರೋಟೀನ್ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಜೀವವೇ ಹೋಗಬಹುದು. ಅಂಥ ಮಗುವಿಗೆ ಆಸ್ಪತ್ರೆಯಲ್ಲಿ ಮೊದಲು ಎಫ್-75 ಎಂಬ ತೆಳು ಹಾಲನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಡಬ್ಬಿ ಮಾರಲು ಹಸಿದ ಮಕ್ಕಳ ಫೋಟೊ ಬಳಸುವವರ ವಿಡಿಯೊಗಳನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ.