ಮಂಜಿನ ಹೆಸರಲ್ಲಿ ಏನೇನು ಮಾಫಿ?

ಹೊಸ ವರ್ಷದ ರಜೆ ಮುಗಿದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ವಿಮಾನದ್ದೇ ಗೋಳು. ಮೂರನ್ನು ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ವಕೀಲೆಯಲ್ಲ. ಮುರುಗೇಶಪಾಳ್ಯದ ಪಕ್ಕದ ಎಚ್‌ಎಎಲ್ ನಿಲ್ದಾಣದಲ್ಲಿ ಶುರುಮಾಡಿ ದೇವನಹಳ್ಳಿಯಲ್ಲಿ ನಿವೃತ್ತಳಾಗುವವರೆಗೆ ಇಪ್ಪತ್ತೆರಡು ವರ್ಷ ಕೌಂಟರಿನ ಆ ಬದಿಯಲ್ಲಿ ನಿಂತು ಬೈಸಿಕೊಂಡವಳು.

ಪ್ರಶ್ನೆ: ನಾವು ಆರು ಜನ ದೆಹಲಿ, ಆಗ್ರಾ, ಹರಿದ್ವಾರ ನೋಡಿಕೊಂಡು ಡಿಸೆಂಬರ್ 30ರ ಬೆಳಿಗ್ಗೆ 6.50ರ ವಿಮಾನಕ್ಕೆ ದೆಹಲಿಯಿಂದ ಬೆಂಗಳೂರಿಗೆ ಹೊರಟಿದ್ದೆವು. ಎಂಟು ಗಂಟೆ ಅಂದರು, ಹತ್ತು ಅಂದರು, ಹನ್ನೆರಡಕ್ಕೆ ರದ್ದು ಅಂದರು. ಮಂಜಿನ ಕಾರಣ, ಪರಿಹಾರವಿಲ್ಲವಂತೆ. ತಂದೆಗೆ ಸಕ್ಕರೆ ಕಾಯಿಲೆ, ಒಂದು ಲೋಟ ನೀರನ್ನೂ ಯಾರೂ ಕೊಡಲಿಲ್ಲ. ಮೊಬೈಲಿಗೆ ಬಂದ ಲಿಂಕಿನಲ್ಲಿ ನನ್ನ ಭಾವಮೈದುನ ‘ರೀಫಂಡ್’ ಒತ್ತಿದ. ಬೇರೆ ಕಂಪನಿಯ ರಾತ್ರಿ ವಿಮಾನಕ್ಕೆ ಮೂರು ಪಟ್ಟು ಕೊಟ್ಟು ಬಂದೆವು. ಈಗ ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್, ‘ದುಡ್ಡು ಬರಲ್ಲ ಸಾರ್, ಕ್ರೆಡಿಟ್ ಆಗಿದೆ, ಮುಂದಿನ ಟಿಕೆಟಿಗೆ ಹಾಕ್ಕೊಳ್ಳಿ’ ಅನ್ನುತ್ತಿದ್ದಾನೆ. — ಓದುಗರೊಬ್ಬರು, ದಾವಣಗೆರೆ

ಉತ್ತರ: ಎಡವಟ್ಟಾಗಿದ್ದು ನಿಮ್ಮ ಭಾವಮೈದುನನ ಬೆರಳಿನಿಂದ. ಅವರನ್ನು ಬೈಯಬೇಡಿ, ಆ ಲಿಂಕಿನಲ್ಲಿ ರೀಫಂಡ್ ಗುಂಡಿಯೇ ಮೊದಲು ಕಣ್ಣಿಗೆ ಬೀಳುವ ಹಾಗಿರುತ್ತೆ. ವಿಮಾನ ರದ್ದಾದಾಗ ಬದಲಿ ವಿಮಾನ ಬೇಕೋ ಹಣ ವಾಪಸ್ ಬೇಕೋ ಅನ್ನುವುದು ಪ್ರಯಾಣಿಕರ ಆಯ್ಕೆ. ಬದಲಿ ಕೇಳಿದರೆ, ಆ ದಿನ ಅದರ ದರ ಎಷ್ಟೇ ಏರಿರಲಿ, ನೀವು ಹೆಚ್ಚಿಗೆ ಕೊಡಬೇಕಿಲ್ಲ. ಹಣ ಕೇಳಿದಿರೋ, ಬದಲಿ ವಿಮಾನ ಕೊಡುವ ಕಂಪನಿಯ ಹೊಣೆ ಅಲ್ಲಿಗೆ ಮುಗಿಯಿತು. ಊರು ಸೇರುವುದು ನಿಮ್ಮ ಪಾಡು. ರಜೆಯ ವಾರದಲ್ಲಿ, ಸಾವಿರಾರು ಜನ ಒಟ್ಟಿಗೆ ಸೀಟು ಹುಡುಕುವಾಗ, ಮೂರು ಪಟ್ಟು ದರ ಇರುವುದು ಸಹಜ. ಆ ವ್ಯತ್ಯಾಸದ ಹಣ ಕಂಪನಿಯಿಂದ ಬರುತ್ತೆ ಅಂತ ಸುಳ್ಳು ಭರವಸೆ ಕೊಡಲಾರೆ.

ಪರಿಹಾರದ ವಿಷಯದಲ್ಲಿ ಕೌಂಟರಿನವರು ಹೇಳಿದ್ದು ಅರ್ಧ ಸರಿ. ನಮ್ಮ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2010ರಲ್ಲಿ ನಿಯಮ ಮಾಡಿತು. ಆಮೇಲೆ ತಿದ್ದುತ್ತಾ ಬಂದಿದೆ. ಮೊದಲೇ ತಿಳಿಸದೆ ರದ್ದು ಮಾಡಿದರೆ, ಎರಡು ಗಂಟೆಗಿಂತ ಉದ್ದದ ಹಾರಾಟಕ್ಕೆ ತಲಾ 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಆದರೆ ಕಾರಣ ಹವಾಮಾನವಾದರೆ ಈ ಹಣ ಕೊಡಬೇಕಿಲ್ಲ ಅಂತ ಅದೇ ನಿಯಮ ಹೇಳುತ್ತೆ. ವಿಮಾನ ತಡವಾದಾಗ ಕೊಡಬೇಕಾದ ಊಟ, ಹೋಟೆಲ್ಲಿಗೂ ಹವಾಮಾನದ ವಿನಾಯಿತಿ ಇದೆ. ಇದು ನನಗೆ ಹಿಡಿಸದ ನಿಯಮ. ಮಂಜು ಬಿದ್ದ ದಿನ ಹಸಿವೇನು ರಜೆ ಹಾಕುತ್ತದೆಯೇ? ರದ್ದಾದ ಮೇಲೆ ಮಾತ್ರ ಲೆಕ್ಕ ಬೇರೆ: ನಿಲ್ದಾಣಕ್ಕೆ ಬಂದು ವರದಿ ಮಾಡಿಕೊಂಡವರು ಬದಲಿ ವಿಮಾನಕ್ಕೆ ಕಾಯುವಷ್ಟು ಹೊತ್ತು ಊಟ ತಿಂಡಿ ಕೊಡಬೇಕು. ನೀವು ಬದಲಿ ಕೇಳಿದ್ದಿದ್ದರೆ ನಿಮ್ಮ ತಂದೆಯವರ ಊಟಕ್ಕೆ ಗಟ್ಟಿಯಾಗಿ ಕೇಳಬಹುದಿತ್ತು.

ಇನ್ನು ಉಳಿದರ್ಧ. ಕಾರಣ ನಿಜವಾಗಿಯೂ ಮಂಜೇ ಆಗಿತ್ತೇ? ಗಂಗಾ ಬಯಲಿನ ಮಂಜು ಸುಳ್ಳಲ್ಲ. ಗಾಳಿ ಸತ್ತ, ಮೋಡವಿಲ್ಲದ ರಾತ್ರಿ ನೆಲ ತಣ್ಣಗಾಗಿ ಕೂರುವ ಮಂಜು ಬಿಸಿಲು ಏರುವವರೆಗೆ ಏಳುವುದಿಲ್ಲ. ಆದರೆ ದೆಹಲಿಯಲ್ಲಿ ಕ್ಯಾಟ್-3 ಅನ್ನುವ ವ್ಯವಸ್ಥೆ ಇದೆ. ರನ್‌ವೇ ಮೇಲೆ ಬರೀ 50 ಮೀಟರ್ ಕಾಣುತ್ತಿದ್ದರೂ ಇಳಿಸಬಹುದು. (ಏರುವುದಕ್ಕೆ ಸುಮಾರು 125 ಮೀಟರ್ ಕಾಣಬೇಕು. ಇಳಿಯುವುದು ಸುಲಭ, ಏರುವುದು ಕಷ್ಟ ಅಂದರೆ ನನ್ನ ಯಜಮಾನರು ಇವತ್ತಿಗೂ ನಂಬುವುದಿಲ್ಲ.) ಇದಕ್ಕೆ ವಿಮಾನದಲ್ಲಿ ಉಪಕರಣ ಇರಬೇಕು, ಪೈಲಟ್‌ಗಳಿಗೆ ಪ್ರತ್ಯೇಕ ತರಬೇತಿ ಆಗಿರಬೇಕು. 2023ರ ಡಿಸೆಂಬರ್ ಕೊನೆಯ ಮಂಜಿನಲ್ಲಿ ಇಂಥ ಪೈಲಟ್‌ಗಳನ್ನು ಪಾಳಿಗೆ ಹಾಕದಿದ್ದ ಎರಡು ಕಂಪನಿಗಳಿಗೆ ಡಿಜಿಸಿಎ ಮರು ತಿಂಗಳೇ ತಲಾ 30 ಲಕ್ಷ ರೂಪಾಯಿ ದಂಡ ಹಾಕಿತು. ಮಂಜು ಆಕಾಶದ್ದು, ಪಾಳಿ ಪಟ್ಟಿ ಕಂಪನಿಯದ್ದು. ಆದ್ದರಿಂದ ಆ ಬೆಳಿಗ್ಗೆ ಏಳರಿಂದ ಹನ್ನೆರಡರ ಒಳಗೆ ದೆಹಲಿಯಿಂದ ಬೆಂಗಳೂರಿಗೆ ಬೇರೆ ವಿಮಾನ ಹೊರಟಿದ್ದವೇ ನೋಡಿ. ವಿಮಾನಗಳ ಜಾಡು ತೋರಿಸುವ ಆ್ಯಪ್‌ಗಳಲ್ಲಿ ಹಳೆಯ ದಿನದ್ದೂ ಸಿಗುತ್ತೆ. ಹೊರಟಿದ್ದರೆ, ‘ನಮ್ಮದು ಮಾತ್ರ ಯಾಕೆ ರದ್ದಾಯಿತು, ಲಿಖಿತವಾಗಿ ತಿಳಿಸಿ’ ಅಂತ ಕಂಪನಿಗೆ ಇಮೇಲ್ ಹಾಕಿ.

ಏಜೆಂಟರ ವಿಷಯ. ದೇವರು ಕೊಟ್ಟರೂ ಪೂಜಾರಿ ಬಿಡ ಅನ್ನುವುದು ಇದಕ್ಕೇ ಹೇಳಿದ್ದಿರಬೇಕು. ಏಜೆಂಟ್ ಮೂಲಕ ಮಾಡಿಸಿದ ಟಿಕೆಟ್ಟಿನ ಹಣ ವಾಪಸ್ ಕೊಡಿಸುವ ಹೊಣೆಯನ್ನು ನಿಯಮ ಹೊರಿಸಿರುವುದು ವಿಮಾನ ಕಂಪನಿಯ ಮೇಲೆ. ಹಣದ ಬದಲು ಕ್ರೆಡಿಟ್ ಇಟ್ಟುಕೊಳ್ಳುವುದು ನೀವು ಒಪ್ಪಿದರೆ ಮಾತ್ರ. ‘ಕ್ರೆಡಿಟ್ ಬೇಡ, ಹಣವೇ ಬೇಕು’ ಅಂತ ಒಂದೇ ಸಾಲು ಬರೆದು ಏಜೆಂಟರಿಗೂ ಕಂಪನಿಯ ನೋಡಲ್ ಅಧಿಕಾರಿಗೂ ಕಳಿಸಿ. ಫೋನಿನಲ್ಲಿ ಜಗಳ ಆಡಬೇಡಿ, ಅದಕ್ಕೆ ದಾಖಲೆ ಇರುವುದಿಲ್ಲ. ಬಗ್ಗದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಿ. 1915 ಗ್ರಾಹಕ ಸಹಾಯವಾಣಿಯೂ ಇದೆ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಊರಲ್ಲೇ ದಾವೆ ಹೂಡಬಹುದು, ದೆಹಲಿಗೆ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಕೊಟ್ಟ ಹಣ ಐದು ಲಕ್ಷ ದಾಟದಿದ್ದರೆ ಶುಲ್ಕವೂ ಇಲ್ಲ.

ಮುಂದಿನ ಸಲ ಉತ್ತರದಿಂದ ವಾಪಸಾಗುವುದು ಡಿಸೆಂಬರ್, ಜನವರಿಯಲ್ಲಾದರೆ ಮಧ್ಯಾಹ್ನ ಒಂದರ ಮೇಲಿನ ವಿಮಾನ ಹಿಡಿಯಿರಿ. ಮುಂಜಾನೆಯದು ಅಗ್ಗ ಅಂತ ಎಲ್ಲರೂ ಅದಕ್ಕೇ ಮುಗಿಬೀಳುತ್ತಾರೆ.

ಪ್ರಶ್ನೆ: ಮಂಗಳೂರಿನಲ್ಲಿ ಬಿಸಿಲು ಸುಡುತ್ತಿತ್ತು. ಸಂಜೆಯ ಬೆಂಗಳೂರು ವಿಮಾನ ‘ಮಂಜಿನಿಂದಾಗಿ’ ರದ್ದು ಅಂದರು. ನಮ್ಮನ್ನು ಏನಂದುಕೊಂಡಿದ್ದಾರೆ? — ಓದುಗರೊಬ್ಬರು, ಮಂಗಳೂರು

ಉತ್ತರ: ನಗಬೇಡಿ, ನಿಜವಿರಬಹುದು. ಒಂದೇ ವಿಮಾನ ದಿನಕ್ಕೆ ಐದಾರು ಊರು ಸುತ್ತುತ್ತೆ. ಬೆಳಿಗ್ಗೆ ಉತ್ತರದಲ್ಲೆಲ್ಲೋ ಸಿಕ್ಕಿಕೊಂಡರೆ ಸಂಜೆ ನಿಮ್ಮೂರಿಗೆ ಬರುವುದೇ ಇಲ್ಲ. ಆದರೆ ವಿನಾಯಿತಿ ಇರುವುದು ಕಂಪನಿ ಕೈಲಾದ ಪ್ರಯತ್ನವನ್ನೆಲ್ಲ ಮಾಡಿಯೂ ತಪ್ಪಿಸಲಾಗದ ಸಂಗತಿಗೆ. ಬೆಳಗಿನ ಮಂಜಿಗೂ ಸಂಜೆಯ ಹಾರಾಟಕ್ಕೂ ನಡುವೆ ಹತ್ತು ಗಂಟೆ ಇತ್ತಲ್ಲ, ಅಷ್ಟರಲ್ಲಿ ಬೇರೆ ವಿಮಾನಕ್ಕೆ ಏನು ಪ್ರಯತ್ನ ಮಾಡಿದಿರಿ ಅಂತ ಕೇಳಿ ಬರೆಯಿರಿ. ನಿಮ್ಮದು ದಾವಣಗೆರೆಯವರದಕ್ಕಿಂತ ಗಟ್ಟಿ ಕೇಸು. ಒಂದು ನೋಡಿಕೊಳ್ಳಿ: ಟಿಕೆಟ್ ಮಾಡಿಸುವಾಗ ನಿಮ್ಮ ಮೊಬೈಲ್ ಸಂಖ್ಯೆ ಕೊಟ್ಟಿದ್ದಿರಾ, ಅಥವಾ ಏಜೆಂಟರದ್ದೋ? ಸರಿಯಾದ ಸಂಪರ್ಕ ಸಂಖ್ಯೆ ಇಲ್ಲದವರಿಗೆ ಪರಿಹಾರ ಕೊಡಬೇಕಿಲ್ಲ ಅಂತ ನಿಯಮದಲ್ಲೇ ಇದೆ.

ಪ್ರಶ್ನೆ: ಮಗಳ ಬಾಣಂತನ ಮುಗಿಸಿ ಜರ್ಮನಿಯಿಂದ ವಾಪಸಾಗುವಾಗ ಫ್ರಾಂಕ್‌ಫರ್ಟಿನಲ್ಲಿ ಹಿಮ ಸುರಿದು ವಿಮಾನ ರದ್ದಾಯಿತು. ಯುರೋಪಿನದಲ್ಲದ ಕಂಪನಿ. ಹೋಟೆಲ್ ಕೊಡಲಿಲ್ಲ. ನಾನೇ ಹುಡುಕಿಕೊಂಡು ಒಂದು ರಾತ್ರಿಗೆ 140 ಯೂರೋ ಕೊಟ್ಟೆ. ಹಿಮಕ್ಕೆ ಯಾರೇನು ಮಾಡಲು ಸಾಧ್ಯ ಅಂತ ಸುಮ್ಮನಿದ್ದೇನೆ. — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸುಮ್ಮನಿರಬೇಡಿ ಅಮ್ಮ. ಯುರೋಪಿನ ನಿಯಮ ನಮ್ಮದರ ಹಾಗಲ್ಲ. ಅಲ್ಲಿನ ಒಕ್ಕೂಟದ ನಿಲ್ದಾಣದಿಂದ ಹೊರಡುವ ವಿಮಾನ ಯಾವ ದೇಶದ ಕಂಪನಿಯದ್ದಾದರೂ 2004ರ 261ನೇ ಸಂಖ್ಯೆಯ ನಿಯಮ ಅನ್ವಯಿಸುತ್ತೆ. ನಿಮ್ಮ ದೂರಕ್ಕೆ ನಿಗದಿಯಾದ 600 ಯೂರೋ ಪರಿಹಾರ ಹಿಮದ ಕಾರಣಕ್ಕೆ ಸಿಗಲಾರದು. ಆದರೆ ಊಟ, ಹೋಟೆಲ್, ಹೋಟೆಲ್ಲಿಗೆ ಹೋಗಿಬರುವ ವಾಹನ, ಎರಡು ಫೋನ್ ಕರೆ, ಇವನ್ನು ಯಾವ ಕಾರಣಕ್ಕೂ ತಪ್ಪಿಸುವಂತಿಲ್ಲ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಎದ್ದು ಯುರೋಪಿನ ಆಕಾಶವೇ ಮುಚ್ಚಿಹೋಗಿತ್ತಲ್ಲ, ಆಗ ಕಂಪನಿಯೊಂದು ಇಷ್ಟು ದೊಡ್ಡ ವಿಪತ್ತಿನಲ್ಲಿ ಇದೆಲ್ಲ ಲೆಕ್ಕಕ್ಕಿಲ್ಲ ಎಂದು ವಾದಿಸಿತು. 2013ರಲ್ಲಿ ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ ಒಪ್ಪಲಿಲ್ಲ. ಬೂದಿಗೇ ಇಲ್ಲದ ಮಾಫಿ ಹಿಮಕ್ಕೆ ಎಲ್ಲಿಂದ ಬರಬೇಕು?

ಕೊಡದಿದ್ದಾಗ ನೀವೇ ಮಾಡಿಕೊಂಡ ಖರ್ಚು ಅಗತ್ಯದ್ದು, ಮಿತಿಯಲ್ಲಿದ್ದದ್ದು ಆಗಿದ್ದರೆ ವಾಪಸ್ ಕೇಳಬಹುದು. ರಜೆಯ ದಿನ 140 ಯೂರೋ ದುಬಾರಿಯೇನಲ್ಲ. ಕಂಪನಿಗೆ ಇಂಗ್ಲಿಷಿನಲ್ಲಿ ಬರೆಯಿರಿ, ಮಗಳು ಸಹಾಯ ಮಾಡಲಿ. ಉತ್ತರ ಬರದಿದ್ದರೆ ಜರ್ಮನಿಯಲ್ಲಿ ಇದನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿ ಲುಫ್ಟ್‌ಫಾರ್ಟ್-ಬುಂಡೆಸಾಮ್ಟ್. ಬರೀ ವಿಮಾನ ಬದಲಿಸಲು ಇಳಿದು ಷೆಂಗೆನ್ ವೀಸಾ ಇಲ್ಲದವರ ಪಾಡು ಬೇರೆ: ಹೋಟೆಲ್ ಕೊಟ್ಟರೂ ನಿಲ್ದಾಣದ ಹೊರಗೆ ಬಿಡುವುದಿಲ್ಲ, ಒಳಗೇ ಮಂಚ, ಕಂಬಳಿ, ಊಟ ಕೇಳಿಕೊಳ್ಳಬೇಕು.

ಹೋಟೆಲ್ ರಸೀದಿ ಮಾಸುವ ಥರದ ಕಾಗದದ್ದಾದರೆ ಇವತ್ತೇ ಫೋಟೊ ತೆಗೆದಿಡಿ. ನನ್ನ ಕಣ್ಣೆದುರೇ ಎಷ್ಟೋ ಜನ ಬಿಳಿ ಚೀಟಿ ತಂದು, ‘ಇದರಲ್ಲಿ ಬರೆದಿತ್ತು ಮೇಡಂ’ ಅಂದಿದ್ದಾರೆ.